ಟರ್ಮಿನಲ್ ವೇಗ: ಅಳತೆ ಬದಲಾಗುತ್ತಾ ಬಂದ ನಲವತ್ತು ವರ್ಷ

ಟರ್ಮಿನಲ್ ಎಂದರೆ ಆದೇಶಗಳನ್ನು ಟೈಪ್ ಮಾಡಿ ಉತ್ತರವನ್ನು ಅಕ್ಷರಗಳಲ್ಲೇ ನೋಡುವ ಕಿಟಕಿ. ಹಗುರವಾದದ್ದನ್ನು ಹುಡುಕುವವರು ಸಾಮಾನ್ಯವಾಗಿ ದೊಡ್ಡದೊಂದು ಕಡತವನ್ನು ಪರದೆಗೆ ಸುರಿದು, ಯಾವುದು ಬೇಗ ಮುಗಿಸುತ್ತದೆ ಎಂದು ನೋಡುತ್ತಾರೆ. ಕೀಲಿ ಒತ್ತಿದ ಮೇಲೆ ಅಕ್ಷರ ಮೂಡಲು ಎಷ್ಟು ಹೊತ್ತಾಯಿತು, ಎಷ್ಟು ಮೆಮೊರಿ ಹೋಯಿತು ಎಂಬುದು ಆ ಪರೀಕ್ಷೆಗೆ ಗೊತ್ತಾಗುವುದಿಲ್ಲ. ದಿನವಿಡೀ ಟೈಪ್ ಮಾಡುವವರಿಗೆ ಮುಖ್ಯವಾದದ್ದು ಅದೇ.

1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಕೀಲಿಗೆ ಸ್ಪಂದಿಸುವ ವೇಗದಲ್ಲಿ ಇಂದಿಗೂ ಹಿಂದೆ ಬಿದ್ದಿಲ್ಲ. ಅಕ್ಷರ ಬಂದ ತಕ್ಷಣ ಬರೆದುಬಿಡುತ್ತದೆ. ಪರದೆಯ ಮುಂದಿನ ಫ್ರೇಮ್‌ಗೆ ಕಾಯುವುದಿಲ್ಲ. ಅದರ ಮೇಲಿದ್ದ ದೂರು ಗಾತ್ರದ್ದು. ಟೆಕ್ಟ್ರಾನಿಕ್ಸ್ 4014 ಎಂಬ ಹಳೆಯ ಗ್ರಾಫಿಕ್ಸ್ ಟರ್ಮಿನಲ್ಲಿನ ಅನುಕರಣೆಯನ್ನೂ ಅದು ಹೊತ್ತಿತ್ತು. ಅದನ್ನು ಕೈಬಿಟ್ಟು ಮೆಮೊರಿ ಉಳಿಸಿದ್ದು ಆರ್‌ಎಕ್ಸ್‌ವಿಟಿ. ಅದರ ಯೂನಿಕೋಡ್ ರೂಪದಲ್ಲಿ ಒಂದೇ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಎಲ್ಲ ಕಿಟಕಿಗಳನ್ನೂ ನಡೆಸುವ ಅನುಕೂಲವಿದೆ: ಹೊಸ ಕಿಟಕಿ ಥಟ್ಟನೆ ತೆರೆಯುತ್ತದೆ, ಆದರೆ ಡೀಮನ್ ಕುಸಿದರೆ ಎಲ್ಲ ಕಿಟಕಿಗಳೂ ಒಟ್ಟಿಗೆ ಹೋಗುತ್ತವೆ.

ಸಕ್‌ಲೆಸ್ ಗುಂಪಿನ ಎಸ್‌ಟಿ ಇನ್ನೂ ಮುಂದೆ ಹೋಗಿ, ಮೇಲೆ ಸರಿದುಹೋದ ಸಾಲುಗಳನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿತು. ಬೇಕಿದ್ದರೆ ಆ ಸಾಲುಗಳನ್ನು ಇಟ್ಟುಕೊಳ್ಳುವ ಟಿಮಕ್ಸ್ ಎಂಬ ಪ್ರೋಗ್ರಾಂ ಬಳಸಬೇಕು, ಇಲ್ಲವೇ ಮೂಲ ಕೋಡಿಗೆ ಪ್ಯಾಚ್ ಹಾಕಿ ಮತ್ತೆ ಕಂಪೈಲ್ ಮಾಡಬೇಕು. ಬಣ್ಣದ ಎಮೋಜಿ ಬಂದರೆ ಎಸ್‌ಟಿ ಮುಚ್ಚಿಹೋಗುತ್ತಿದ್ದರೆ ದೋಷ ಅಕ್ಷರ ಬಿಡಿಸುವ ಹಳೆಯ ಎಕ್ಸ್‌ಎಫ್‌ಟಿ ಲೈಬ್ರರಿಯದು, 2022ರ 2.3.5 ಆವೃತ್ತಿಯಲ್ಲಿ ಅದು ಸರಿಹೋಗಿದೆ.

2017ರಲ್ಲಿ ಬಂದ ಅಲಾಕ್ರಿಟಿ ಚಿತ್ರಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿತು. ಉದ್ದನೆಯ ಲಾಗ್ ಓಡಿಸುವವರಿಗೆ ಇದು ನಿಜಕ್ಕೂ ಉಪಕಾರಿ. ಡ್ರೈವರ್ ಸರಿಯಿಲ್ಲದ ಹಳೆಯ ಡೆಸ್ಕ್‌ಟಾಪಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಜಿಎಲ್‌ಎಕ್ಸ್‌ಇನ್ಫೋ ಎಂಬ ಆದೇಶ ಓಡಿಸಿದಾಗ ರೆಂಡರರ್ (ಚಿತ್ರಿಸುವ ಸಾಧನ) ಹೆಸರು ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಆ ಭಾರವೆಲ್ಲ ಪ್ರೊಸೆಸರ್ ಮೇಲೆಯೇ ಬೀಳುತ್ತಿದೆ ಎಂದರ್ಥ. ಅಂಥ ಯಂತ್ರಕ್ಕೆ, ಪರದೆಯ ಕಿಟಕಿಗಳನ್ನು ನಡೆಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರಲ್ಲಿ ಎಸ್‌ಟಿ ಅಥವಾ ಆರ್‌ಎಕ್ಸ್‌ವಿಟಿ ಸಾಕು. ಅದರ ಹೊಸ ಬದಲಿಯಾದ ವೇಲ್ಯಾಂಡ್ ಇದ್ದರೆ ಫುಟ್ ಎಂಬ ಟರ್ಮಿನಲ್ ಹಾಕಿಕೊಳ್ಳಿ: ಅದು ಕಾರ್ಡನ್ನು ನೆಚ್ಚದೆ, ಬದಲಾದ ಭಾಗವನ್ನಷ್ಟೇ ಮತ್ತೆ ಬರೆದು ಹಗುರವಾಗಿರುತ್ತದೆ.

ಹೊಸ ಟರ್ಮಿನಲ್‌ನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಹಳೆಯ ಸರ್ವರಿಗೆ ಹೋದರೆ ‘ಗೊತ್ತಿಲ್ಲದ ಟರ್ಮಿನಲ್’ ಎಂಬ ದೋಷ ಬರಬಹುದು. ಆ ಟರ್ಮಿನಲ್ ಏನೇನು ಮಾಡಬಲ್ಲದೆಂದು ತಿಳಿಸುವ ಟರ್ಮ್‌ಇನ್ಫೋ ಕಡತ ಅಲ್ಲಿರುವುದಿಲ್ಲ. ಆ ಕಡತವನ್ನು ಸರ್ವರಿಗೂ ಹಾಕಿದರೆ ಮುಗಿಯಿತು.

ಕನ್ನಡ ಓದುವವರು ವೇಗಕ್ಕಿಂತ ಮೊದಲು ಇನ್ನೊಂದನ್ನು ನೋಡಲೇಬೇಕು. ಟರ್ಮಿನಲ್ ಪರದೆ ಸಮಾನ ಅಗಲದ ಮನೆಗಳ ಜಾಲ. ಎಸ್‌ಟಿ, ಅಲಾಕ್ರಿಟಿ ಎರಡೂ ಅಕ್ಷರ ಜೋಡಣೆ ಮಾಡುವುದಿಲ್ಲ, ಹಾಗಾಗಿ ಒತ್ತಕ್ಷರ ಒಡೆದು ಹಲಂತವಾಗಿ ನಿಲ್ಲುತ್ತದೆ. ಅಕ್ಷರದ ಅಗಲದ ಬಗ್ಗೆ ಟರ್ಮಿನಲ್ಲಿನ ಲೆಕ್ಕ ಒಂದು, ಅದರೊಳಗಿನ ಎಡಿಟರ್ ಲೆಕ್ಕ ಇನ್ನೊಂದು ಆದಾಗ ಕರ್ಸರ್ ತಪ್ಪು ಜಾಗಕ್ಕೆ ಹೋಗುತ್ತದೆ. 2023ರ ಯೂನಿಕೋಡ್ 15.1 ದೇವನಾಗರಿ, ತೆಲುಗು, ಮಲಯಾಳಂ ಸೇರಿ ಆರು ಲಿಪಿಗಳ ಸಂಯುಕ್ತಾಕ್ಷರವನ್ನು ಒಂದೇ ಗುಚ್ಛವಾಗಿ ಎಣಿಸುವ ನಿಯಮ ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡ ಕಡತಗಳನ್ನು ಟರ್ಮಿನಲ್ಲಿನಲ್ಲೇ ಓದುವ ಅಗತ್ಯವಿದ್ದರೆ, ಹಲವು ಲಿಪಿಗಳಿಗೆಂದೇ ಬರೆದ ಎಂಎಲ್‌ಟರ್ಮ್ ಅನ್ನು ಮೊದಲು ಪರೀಕ್ಷಿಸಿ. ಪರೀಕ್ಷೆಗೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಿರುವ ಕಡತ ತೆರೆದು, ಸಾಲಿನ ನಡುವೆ ಒಂದಕ್ಷರ ಅಳಿಸಿ, ಕರ್ಸರ್ ಎಲ್ಲಿ ನಿಂತಿತೆಂದು ನೋಡಿ.