ಮೇವಿನ ಬೀಜೋತ್ಪಾದನೆ: ಹಾಗಂದ್ರೆ ಏನು, ಸಣ್ಣ ರೈತರಿಗೆ ಅದರಲ್ಲಿ ಏನಿದೆ?

ಬರ ಬಂದ ವರ್ಷ ಪಶುಪಾಲನಾ ಇಲಾಖೆಯವರು ಮೇವಿನ ಬೀಜದ ಮಿನಿಕಿಟ್, ಅಂದರೆ ಸಣ್ಣ ಪೊಟ್ಟಣ, ಹಂಚುತ್ತಾರೆ. 2023ರ ಬರದಲ್ಲೂ ಹಂಚಿದರು. ಬೋರ್‌ವೆಲ್ ಇದ್ದವರು ಒಯ್ದು ಬಿತ್ತಿದರು. ಆ ಬೀಜವನ್ನೂ ಎಲ್ಲೋ ಒಬ್ಬ ರೈತ ತನ್ನ ಹೊಲದಲ್ಲಿ ಬೆಳೆದಿರಬೇಕು, ಅಲ್ವಾ? ಮೇವಿನ ಬೆಳೆಯನ್ನು ದನಕ್ಕೆ ಅಂತ ಕೊಯ್ಯದೆ, ಹೂ ಬಿಟ್ಟು ಕಾಳು ಬಲಿಯುವವರೆಗೆ ಕಾದು, ಒಕ್ಕಿ ಹಸನು ಮಾಡಿ ಬಿತ್ತನೆಗೆ ಮಾರುವುದಕ್ಕೆ ಮೇವಿನ ಬೀಜೋತ್ಪಾದನೆ ಅನ್ನುತ್ತಾರೆ.

ಕೇಳೋಕೆ ಸುಲಭ. ಆದರೆ ಮೇವಿಗೆ ಬೆಳೆಯುವುದೇ ಬೇರೆ, ಬೀಜಕ್ಕೆ ಬೆಳೆಯುವುದೇ ಬೇರೆ. ಒಳ್ಳೆಯ ಮೇವು ಬೇಕಿದ್ದರೆ ಎಳಸಿದ್ದಾಗಲೇ ಕೊಯ್ಯಬೇಕು. ಆಫ್ರಿಕನ್ ಟಾಲ್ ಅನ್ನೋ ಮೇವಿನ ಮುಸುಕಿನ ಜೋಳವನ್ನು ಹೂ ಬರುವ ಹೊತ್ತಿಗೆ, ಅಂದರೆ ಎರಡು ತಿಂಗಳ ಆಸುಪಾಸಿನಲ್ಲಿ ಕೊಯ್ದುಬಿಡುತ್ತಾರೆ. ಅದೇ ಬೀಜಕ್ಕೆ ಬಿಟ್ಟರೆ ಇನ್ನೂ ಹೆಚ್ಚುಕಮ್ಮಿ ಅಷ್ಟೇ ಕಾಲ ಹೊಲ ಹಿಡಿದುಕೊಂಡಿರುತ್ತದೆ. ಕೊನೆಗೆ ಸಿಗುವ ಸೊಪ್ಪೆಯನ್ನು ದನ ತಿನ್ನುತ್ತದೆ, ಆದರೆ ಹಸಿರು ಮೇವಿನ ಸತ್ವ ಅದರಲ್ಲಿ ಇರುವುದಿಲ್ಲ. ಎರಡು ಹಸು ಕಟ್ಟಿಕೊಂಡು ದಿನಾ ಡೇರಿಗೆ ಹಾಲು ಹಾಕುವ ಮನೆಯವರು ಕಣ್ಣೆದುರು ಹಸಿರು ನಿಂತಿರುವಾಗ ಅದನ್ನು ಕೊಯ್ಯದೆ ಬಿಡೋದು ಹೇಗೆ? ಬಿಡುವುದಿಲ್ಲ. ಮೇವಿನ ಬೀಜ ಯಾವಾಗಲೂ ಕೊರತೆಯಲ್ಲೇ ಇರುವುದಕ್ಕೆ ನನ್ನ ಪ್ರಕಾರ ಮೊದಲ ಕಾರಣ ಇದೇ. ದೇಶದ ಬಿತ್ತನೆ ಜಮೀನಿನಲ್ಲಿ ಮೇವಿನ ಬೆಳೆಗೆ ಸಿಗುವುದೇ ಶೇ. 4-5ರಷ್ಟು, ಅದರಲ್ಲಿ ಬೀಜಕ್ಕೆ ಅಂತ ಬಿಡುವುದು ಇನ್ನೂ ಕಡಿಮೆ.

ಹಾಗಿದ್ದೂ ಇದನ್ನು ನಂಬಿ ದುಡಿದವರು ನಮ್ಮ ಗಡಿಯ ಆಚೆಯೇ ಇದ್ದಾರೆ. ಬಳ್ಳಾರಿ, ಪಾವಗಡಕ್ಕೆ ಹತ್ತಿಕೊಂಡಿರುವ ಅನಂತಪುರ ಸೀಮೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ಅದೂ ನೆಚ್ಚಿಕೊಳ್ಳುವ ಹಾಗಿಲ್ಲ. ಶೇಂಗಾ ಬಿಟ್ಟರೆ ಬೇರೇನೂ ಕೈಹಿಡಿಯದ ಕೆಂಪು ನೆಲ. ಅಲ್ಲಿನ ಸಣ್ಣ ರೈತರು ಸ್ಟೈಲೋ ಬೀಜ ಬೆಳೆದು ಮಾರುತ್ತಾ ಬಂದಿದ್ದಾರೆ. ಸ್ಟೈಲೋ ಅಂದರೆ ದ್ವಿದಳ ಜಾತಿಯ ಗಿಡ್ಡ ಮೇವಿನ ಗಿಡ. ನಮ್ಮಲ್ಲಿ ಜಲಾನಯನ ಯೋಜನೆಗಳಲ್ಲಿ ಬದುಗಳ ಮೇಲೆ, ಗೋಮಾಳಗಳಲ್ಲಿ ಬಿತ್ತಿಸುವುದು ಇದನ್ನೇ.

ಇದರ ಕೊಯ್ಲು ಬೇರೆ ಬೆಳೆಗಳ ಹಾಗಲ್ಲ. ಹೂವು ಒಂದೇ ಸಲ ಬರುವುದಿಲ್ಲ, ಹಾಗಾಗಿ ಕಾಳೂ ಒಂದೇ ಸಲ ಬಲಿಯುವುದಿಲ್ಲ, ಬಲಿತದ್ದು ಬಲಿತ ಹಾಗೆ ಕೆಳಗೆ ಉದುರುತ್ತಾ ಹೋಗುತ್ತದೆ. ಆದ್ದರಿಂದ ಗಿಡದಿಂದ ಬೀಜ ಕೀಳುವ ಬದಲು ನೆಲದಿಂದ ಗುಡಿಸುತ್ತಾರೆ. ಮಳೆಗಾಲ ಮುಗಿದು ಗಿಡ ಒಣಗಿದ ಮೇಲೆ ಬುಡಕ್ಕೆ ಕೊಯ್ದು ಬಡಿಯುತ್ತಾರೆ. ಆಮೇಲೆ ಪೊರಕೆ ಹಿಡಿದು ಇಡೀ ಹೊಲವನ್ನು ಅಂಗಳದ ಹಾಗೆ ಗುಡಿಸುತ್ತಾರೆ. ಮಣ್ಣು, ಎಲೆ, ಕಡ್ಡಿ, ಬೀಜ ಎಲ್ಲಾ ಸೇರಿದ ರಾಶಿಯನ್ನು ಜರಡಿ ಹಿಡಿದು, ಗಾಳಿಗೆ ತೂರಿ, ಮೊರದಲ್ಲಿ ಕೇರಿದ ಮೇಲೆ ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಕಂದು ಬಣ್ಣದ ಬೀಜ ಉಳಿಯುತ್ತದೆ. ನೆಲ ಮೊದಲೇ ಹಸನಾಗಿ, ಕಳೆಯಿಲ್ಲದೆ, ಸಮವಾಗಿ ಇರದಿದ್ದರೆ ಅರ್ಧ ಬೀಜ ಮಣ್ಣುಪಾಲು. ಈ ಕೆಲಸದಲ್ಲಿ ಹೆಂಗಸರ ದುಡಿಮೆಯೇ ಜಾಸ್ತಿ, ಕೂಲಿ ಲೆಕ್ಕ ಹಾಕುವಾಗ ಮನೆಯವರ ಈ ದುಡಿಮೆಯನ್ನು ಬಿಟ್ಟು ಲಾಭ ಬಂತು ಅನ್ನಬೇಡಿ ದಯವಿಟ್ಟು.

ಈಶಾನ್ಯ ಥಾಯ್ಲೆಂಡಿನಲ್ಲೂ ಹೀಗೇ ಸಣ್ಣ ರೈತರು ಮೇವಿನ ಬೀಜ ಬೆಳೆಯುತ್ತಾರೆ. ಅಲ್ಲಿ 1970ರ ದಶಕದಿಂದ ಸರ್ಕಾರದ ಪಶುಸಂಗೋಪನಾ ಇಲಾಖೆ ಹಳ್ಳಿಯವರಿಂದ ಮೇವಿನ ಬೀಜ ಬೆಳೆಸಿ ಕೊಳ್ಳುತ್ತಾ ಬಂತು. ಆಮೇಲೆ ಉಬೊನ್ ರಾಚಥಾನಿ ಕಡೆಯ ರೈತರು ಗಿನಿ ಹುಲ್ಲು, ಮುಲಾಟೊ ಹುಲ್ಲಿನ ಬೀಜವನ್ನು ಹೊರದೇಶಕ್ಕೂ ಕಳಿಸುವ ಮಟ್ಟಕ್ಕೆ ಬೆಳೆದರು. ರೂಜಿ ಅನ್ನೋ ಹುಲ್ಲಿನ ತೆನೆಗಳನ್ನು ನಿಂತಲ್ಲೇ ಒಟ್ಟಿಗೆ ಸೇರಿಸಿ ಕಟ್ಟಿ, ಮತ್ತೆ ಮತ್ತೆ ಬಂದು ಬಲಿತ ಬೀಜವನ್ನಷ್ಟೇ ಬಲೆಚೀಲಕ್ಕೆ ಕೊಡವಿಕೊಳ್ಳುತ್ತಾರೆ. ದೊಡ್ಡ ಯಂತ್ರ ಒಂದೇ ಸಲ ಕೊಯ್ಯುತ್ತದೆ, ಬಲಿತದ್ದು, ಬಲಿಯದ್ದು ಎಲ್ಲಾ ಬೆರೆಯುತ್ತದೆ. ಮನೆಯವರೆಲ್ಲಾ ಕೈಹಾಕುವ ಸಣ್ಣ ಹೊಲದಲ್ಲಿ ಬೀಜದ ಗುಣಮಟ್ಟ ಮೇಲೇರುವುದು ಇಲ್ಲೇ.

ನಮ್ಮಲ್ಲಿ ಯಾವುದನ್ನು ಬೆಳೆಯಬಹುದು? ಹೊಸಬರಾದರೆ ಮೇವಿನ ಅಲಸಂದೆಯಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಅದು ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ತಳಿ ಬೆರಕೆಯಾಗದಿರಲು ಬೇರೆ ತಳಿಯಿಂದ ಕೆಲವೇ ಮೀಟರ್ ದೂರ ಇದ್ದರೂ ಸಾಕು. ಆಫ್ರಿಕನ್ ಟಾಲ್ ಹಾಗಲ್ಲ. ಮುಸುಕಿನ ಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ. ಪ್ರಮಾಣಿತ ಬೀಜ, ಅಂದರೆ ಪ್ರಮಾಣನ ಸಂಸ್ಥೆಯವರು ಪರೀಕ್ಷಿಸಿ ಚೀಟಿ ಕೊಟ್ಟ ಬೀಜ, ಬೇಕಿದ್ದರೆ ಸುತ್ತ 200 ಮೀಟರ್ ಒಳಗೆ ಬೇರೆ ಮುಸುಕಿನ ಜೋಳ ಇರಬಾರದು. ದಾವಣಗೆರೆ, ಹಾವೇರಿಯಂಥ ಕಡೆ, ಎಲ್ಲಿ ನೋಡಿದರೂ ಹೈಬ್ರಿಡ್ ಮುಸುಕಿನ ಜೋಳ ಇರುವಲ್ಲಿ, ಒಂದೆರಡು ಎಕರೆಯವನು ಒಬ್ಬನೇ ಇದನ್ನು ಮಾಡೋಕೆ ಆಗಲ್ಲ. ಅಕ್ಕಪಕ್ಕದವರು ಒಪ್ಪಿ ಒಟ್ಟಿಗೆ ಒಂದೇ ತಳಿ ಹಾಕಬೇಕು, ಇಲ್ಲವೇ ಹೂ ಬರುವ ಕಾಲ ಒಂದರ ಮೇಲೊಂದು ಬೀಳದ ಹಾಗೆ ಬಿತ್ತನೆಯನ್ನು ಹಿಂದುಮುಂದು ಮಾಡಬೇಕು. ಕುದುರೆ ಮೆಂತೆಗೆ (ಲೂಸರ್ನ್ ಅನ್ನೋ ಮೇವಿನ ಬೆಳೆ) ಪರಾಗಸ್ಪರ್ಶಕ್ಕೆ ಜೇನು ಬೇಕು, ಹೂವಿನ ಕಾಲದಲ್ಲಿ ಔಷಧಿ ಹೊಡೆದರೆ ಕಾಳು ಕಟ್ಟುವುದಿಲ್ಲ. ಅದರಲ್ಲಿ ಕಸ್ಕ್ಯೂಟ ಅನ್ನೋ ಹಳದಿ ದಾರದಂಥ ಬಳ್ಳಿ ಹಬ್ಬಿಕೊಂಡರೆ, ಅದರ ಬೀಜ ಬೆರೆತ ಮಾಲನ್ನು ಯಾರಿಗೂ ಕೊಡಬಾರದು. ಕೊಂಡವನ ಹೊಲವೂ ಹಾಳಾಗುತ್ತದೆ.

ಸಿಓ-3, ಸಿಓ-4 ನೇಪಿಯರ್ ಹುಲ್ಲಿನ ಬೀಜ ಕೊಡಿ ಅಂತ ಕೇಳುವವರಿದ್ದಾರೆ. ಅದು ಸಜ್ಜೆ ಮತ್ತು ನೇಪಿಯರ್ ಕೂಡಿಸಿ ಮಾಡಿದ ಹೈಬ್ರಿಡ್, ಕಾಳು ಕಟ್ಟುವುದಿಲ್ಲ. ಗೆಣ್ಣು ಇರುವ ಕಡ್ಡಿಯನ್ನೇ ನೆಡಬೇಕು. ಕಡ್ಡಿ ಮಾರಾಟವೂ ಒಳ್ಳೆಯ ಸಣ್ಣ ಆದಾಯವೇ, ಆದರೆ ಅದನ್ನು ಬೀಜೋತ್ಪಾದನೆಯ ಲೆಕ್ಕಕ್ಕೆ ಸೇರಿಸಬೇಡಿ.

ಮೊಳಕೆ ಪ್ರಮಾಣದ ವಿಷಯದಲ್ಲಿ ತುಂಬಾ ಜನ ಗಾಬರಿ ಬೀಳುತ್ತಾರೆ. ಪ್ರಮಾಣಿತ ಬೀಜದ ನಿಯಮದಲ್ಲಿ ಆಫ್ರಿಕನ್ ಟಾಲ್‌ನಂಥ ಜೋಳಕ್ಕೆ ಶೇ. 90 ಮೊಳಕೆ ಬೇಕು. ಗಿನಿ ಹುಲ್ಲಿಗೆ ಶೇ. 20 ಸಾಕು. ಮೋಸ ಅಂದುಕೊಳ್ಳಬೇಡಿ, ಆ ಹುಲ್ಲಿನ ತೆನೆಯಲ್ಲಿ ಜಳ್ಳೇ ಜಾಸ್ತಿ. ಸ್ಟೈಲೋದ್ದು ಇನ್ನೊಂದು ಕಥೆ. ಸಿಪ್ಪೆ ಗಟ್ಟಿ, ನೀರು ಒಳಗೆ ಇಳಿಯಲ್ಲ. ಕುದಿಯದ, ಆದರೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ, ಸುಮಾರು 80 ಡಿಗ್ರಿ ಅಂದುಕೊಳ್ಳಿ, ಕೆಲವು ನಿಮಿಷ ಅದ್ದಿ ತೆಗೆದರೆ ಮೊಳಕೆ ಏಳುತ್ತದೆ. ಮಾರುವವರು ಇದನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ನಿಮ್ಮ ಒಳ್ಳೆಯ ಬೀಜಕ್ಕೂ ಕೆಟ್ಟ ಹೆಸರು.

ಚೀಲದ ಮೇಲಿನ ಚೀಟಿಯ ವಿಷಯ. ತಳಿ ಕಂಡುಹಿಡಿದ ಸಂಸ್ಥೆಯಿಂದ ಬರುವುದು ತಳಿವರ್ಧಕ ಬೀಜ. ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ. ಪ್ರಮಾಣನ ಸಂಸ್ಥೆಯವರು ಹೊಲಕ್ಕೆ ಬಂದು ನೋಡಿ, ಬೀಜ ಪರೀಕ್ಷಿಸಿ ಚೀಟಿ ಕೊಟ್ಟರೆ ಅದು ಪ್ರಮಾಣಿತ. ಬೆಳೆದವರೋ ಮಾರುವವರೋ ತಮ್ಮ ಜವಾಬ್ದಾರಿಯಲ್ಲಿ ಮೊಳಕೆ, ಶುದ್ಧತೆ ಬರೆದು ಹಚ್ಚಿದರೆ ಅದು ನಿಜಚೀಟಿ ಬೀಜ. ಮೇವಿನ ಬೀಜ ಈ ನಿಜಚೀಟಿಯಲ್ಲೇ ಹೆಚ್ಚು ಓಡಾಡುತ್ತದೆ. ಇನ್ನು ನಿಮ್ಮ ಹೊಲದ್ದನ್ನು ನಿಮ್ಮ ಮನೆಬಾಗಿಲಲ್ಲೇ ಇನ್ನೊಬ್ಬ ರೈತನಿಗೆ ಬಿತ್ತನೆಗೆ ಕೊಟ್ಟರೆ 1966ರ ಬೀಜ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಅಂಗಡಿ ಇಟ್ಟು ಮಾರಲು ಹೊರಟರೆ ಮಾತ್ರ ಲೈಸೆನ್ಸ್, ಚೀಟಿ ಎಲ್ಲಾ ಬೇಕು.

ದುಡ್ಡಿನ ಮಾತಿಗೆ ಬಂದರೆ, ಇದರ ದೊಡ್ಡ ಅಪಾಯ ಹೊಲಕ್ಕಿಂತ ಹೊರಗಿದೆ. ಟೊಮೆಟೊ ಬೆಲೆ ಬಿದ್ದರೂ ಸಂತೆಯಲ್ಲಿ ಯಾರೋ ಕೊಳ್ಳುತ್ತಾರೆ. ಸ್ಟೈಲೋ ಬೀಜ ಯಾವ ಎಪಿಎಂಸಿಯಲ್ಲೂ ಹರಾಜಾಗುವುದಿಲ್ಲ. ಕೊಳ್ಳುವವರು ಹಾಲು ಒಕ್ಕೂಟ, ಅರಣ್ಯ ಇಲಾಖೆ, ಜಲಾನಯನ ಯೋಜನೆಯವರು, ಬೀಜ ಕಂಪನಿಗಳು. ಯೋಜನೆಗೆ ದುಡ್ಡು ಬಂದ ವರ್ಷ ಎಳೆದಾಡುತ್ತಾರೆ, ಬಾರದ ವರ್ಷ ಮೂಟೆ ಮನೆಯಲ್ಲೇ ಕೂರುತ್ತದೆ. ಅದಕ್ಕೇ ಬಿತ್ತುವ ಮೊದಲೇ ಮರುಖರೀದಿ ಒಪ್ಪಂದ, ಅಂದರೆ ಬೆಳೆದ ಬೀಜವನ್ನು ಕೊಳ್ಳುತ್ತೇವೆ ಅನ್ನೋ ಕರಾರು, ಆಗಿರಬೇಕು, ಬಾಯಿಮಾತಲ್ಲ, ಬರಹದಲ್ಲಿ: ಕಿಲೋಗೆ ಎಷ್ಟು, ಎಷ್ಟು ಶುದ್ಧತೆಗೆ, ಮೊಳಕೆ ಪರೀಕ್ಷೆ ಯಾರು ಮಾಡುತ್ತಾರೆ, ಫೇಲಾದ ಬೀಜ ಏನಾಗುತ್ತದೆ, ಹಣ ಎಷ್ಟು ದಿನಕ್ಕೆ ಬರುತ್ತದೆ. ರಾಣೆಬೆನ್ನೂರು ಕಡೆ ಕಂಪನಿಗಳಿಗೆ ತರಕಾರಿ ಬೀಜದ ಕ್ರಾಸಿಂಗ್ (ಹೈಬ್ರಿಡ್ ಬೀಜಕ್ಕೆ ಕೈಯಿಂದ ಪರಾಗಸ್ಪರ್ಶ) ಮಾಡುವವರನ್ನು ಕೇಳಿ ನೋಡಿ, ಈ ಐದು ಪ್ರಶ್ನೆಗಳ ಬೆಲೆ ಅವರಿಗೆ ಗೊತ್ತು.

ಒಬ್ಬೊಬ್ಬರೇ ಹೋಗಿ ಇದನ್ನೆಲ್ಲಾ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಡೇರಿ ಸಂಘದವರೋ ರೈತ ಉತ್ಪಾದಕರ ಕಂಪನಿಯವರೋ ಹತ್ತಿಪ್ಪತ್ತು ಜನರ ಪರವಾಗಿ ಕೇಳಿದರೆ ಮಾತು ನಡೆಯುತ್ತದೆ, ಜೋಳಕ್ಕೆ ಬೇಕಾದ ಆ 200 ಮೀಟರ್ ಜಾಗವೂ ಸುಲಭವಾಗಿ ಸಿಗುತ್ತದೆ. ಬೀಜ, ತಳಿಯ ಮಾಹಿತಿ ಬೇಕಿದ್ದರೆ ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಮೇವು ಕೇಂದ್ರ ಇದೆ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಇದೆ. ಮುಂಗಾರಿನ ಬಿತ್ತನೆಗೆ ಮೂಲ ಬೀಜ ಬೇಕಿದ್ದರೆ ಬೇಸಿಗೆಯಲ್ಲೇ ಹೋಗಿ ಹೇಳಿಟ್ಟು ಬನ್ನಿ, ಮಳೆ ಬಿದ್ದ ಮೇಲೆ ಹೋದರೆ ಉಳಿದಿರುವುದಿಲ್ಲ.