ನೀರು ಹಾಕಿಕೊಂಡ ದಿನ ಬೇಡ, ಮೊದಲ ದಿನ ಹೇಳಿ

ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ. ಅದಕ್ಕೆ ಎರಡು ವಾರ ಮೊದಲೇ ನನ್ನ ಕ್ಲಿನಿಕ್ಕಿನ ಬೆಂಚು ತುಂಬುತ್ತದೆ. ಆಲೂರು, ಅರಕಲಗೂಡು, ಹೊಳೆನರಸೀಪುರದಿಂದ ಬಸ್ಸು ಹತ್ತಿ ಬಂದವರು ಒಳಗೆ ಬಂದು, ಬಾಗಿಲು ಮುಂದಕ್ಕೆ ಹಾಕಿ, ದನಿ ತಗ್ಗಿಸಿ ಕೇಳುವುದು ಒಂದೇ: "ಮೇಡಂ, ಡೇಟ್ ಮುಂದಕ್ಕೆ ಹೋಗೋ ಮಾತ್ರೆ ಬರ್ಕೊಡಿ." ವರ್ಷಕ್ಕೊಮ್ಮೆ ಸಿಗುವ ದರ್ಶನ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮುಟ್ಟಾದಾಗ ಗುಡಿಗೆ ಹೋಗುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟಿದ್ದು. ಆ ರಕ್ತದಲ್ಲಿ ಕೆಟ್ಟದ್ದು, ಮೈಲಿಗೆ ಎನ್ನುವಂಥದ್ದು ಏನೂ ಇಲ್ಲ ಎಂದಷ್ಟೇ ಹೇಳಿ ನಾನು ಸುಮ್ಮನಾಗುತ್ತೇನೆ.

ನನಗೆ ಸಂಕಟವಾಗುವುದು ಅದರ ಮುಂದಿನ ಮಾತಿಗೆ.

"ಹೋದ ತಿಂಗಳು ಯಾವತ್ತು ಆದ್ರಿ?"

"ಇಪ್ಪತ್ತೆರಡಕ್ಕೆ ಮೇಡಂ."

"ಅವತ್ತು ಶುರುವಾಯ್ತಾ?"

"ಇಲ್ಲ, ಅವತ್ತು ನೀರು ಹಾಕ್ಕೊಂಡೆ."

ಇಷ್ಟು ವರ್ಷಗಳಲ್ಲಿ ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ. ಓದಿದವರು, ಓದದವರು ಎಂಬ ಭೇದವಿಲ್ಲ. ಮನೆಯಲ್ಲಿ ಎಲ್ಲರಿಗೂ ನೆನಪಿರುವುದು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನ. ಆದರೆ ಮೈಯ ಲೆಕ್ಕ ಶುರುವಾಗುವುದು ರಕ್ತ ಕಂಡ ಮೊದಲ ದಿನದಿಂದ. ಅದೇ ಒಂದನೇ ದಿನ. ಎಷ್ಟು ದಿನ ಹೋಯಿತು, ಯಾವಾಗ ನಿಂತಿತು ಎನ್ನುವುದು ಬೇರೆ ಮಾತು.

ಹೀಗೆ ನೋಡಿ. ಸೆಪ್ಟೆಂಬರ್ 18ಕ್ಕೆ ಶುರುವಾಯಿತು, 22ಕ್ಕೆ ನೀರು ಹಾಕಿಕೊಂಡರು ಎಂದುಕೊಳ್ಳಿ. 28 ದಿನಕ್ಕೊಮ್ಮೆ ಆಗುವವರಾದರೆ ಮುಂದಿನದು ಅಕ್ಟೋಬರ್ 16ಕ್ಕೆ ಬರಬೇಕು. ಇವರು 22ರಿಂದ ಎಣಿಸಿ ಅಕ್ಟೋಬರ್ 20 ಎಂದು ಕೂತಿರುತ್ತಾರೆ. ಮಾತ್ರೆ ಮೂರು ದಿನ ಮೊದಲೇ ಶುರುಮಾಡಬೇಕೆಂದು ಯಾರೋ ಹೇಳಿದ್ದನ್ನು ಕೇಳಿ 17ಕ್ಕೆ ನುಂಗುತ್ತಾರೆ. ಅಷ್ಟರಲ್ಲಿ ಮುಟ್ಟಾಗಿ ಎರಡನೇ ದಿನ. ಆಮೇಲೆ "ಮಾತ್ರೆ ಕೆಲಸ ಮಾಡಲಿಲ್ಲ" ಎಂದು ದಿನಕ್ಕೆ ಎರಡು ಹೆಚ್ಚಿಗೆ ನುಂಗಿದವರೂ ಇದ್ದಾರೆ.

ಮುಟ್ಟಾದ ಮೇಲೆ ನುಂಗಿದರೆ ಅದು ಕೆಲಸ ಮಾಡುವುದಿಲ್ಲ. ಏಕೆಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗರ್ಭಕೋಶದ ಒಳಗೋಡೆಯ ಮೇಲೆ ತಿಂಗಳು ತಿಂಗಳು ಒಂದು ಪದರ ಬೆಳೆಯುತ್ತದೆ. ಅದನ್ನು ಚಪ್ಪರವೆಂದುಕೊಂಡರೆ, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಅದರ ಕಂಬ. ಗರ್ಭ ನಿಲ್ಲದಿದ್ದರೆ ಆ ಹಾರ್ಮೋನು ಇಳಿಯುತ್ತದೆ. ಕಂಬ ಕಿತ್ತ ಹಾಗೆ. ಚಪ್ಪರ ಕುಸಿಯುತ್ತದೆ, ಅದೇ ಮುಟ್ಟು. ಡೇಟ್ ಮುಂದಕ್ಕೆ ಹಾಕಲು ಕೊಡುವ ನೊರೆಥಿಸ್ಟೆರಾನ್ ಮಾತ್ರೆ ಆ ಕಂಬ ಸಡಿಲವಾಗುವ ಮೊದಲೇ ಪಕ್ಕದಲ್ಲಿ ನೆಡುವ ಇನ್ನೊಂದು ಕಂಬ. ಅದು ನಿಂತಿರುವವರೆಗೆ ಚಪ್ಪರ ನಿಲ್ಲುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ಮುಟ್ಟಾಗುತ್ತದೆ. ಕುಸಿದ ಚಪ್ಪರದಡಿ ಕಂಬ ತಂದು ಇಟ್ಟರೆ ಅದು ಮೇಲೇಳುವುದಿಲ್ಲ. ಮಧ್ಯೆ ಒಂದೆರಡು ಮಾತ್ರೆ ಮರೆತರೂ ಅಲ್ಲಲ್ಲಿ ಕಲೆ ಕಾಣಿಸುತ್ತದೆ. ಧರ್ಮದರ್ಶನದ ಸಾಲಿನಲ್ಲಿ ನಾಲ್ಕು ಗಂಟೆ ನಿಂತು, ಗರ್ಭಗುಡಿ ಇನ್ನೇನು ಹತ್ತಿರ ಬಂತು ಅನ್ನುವಾಗ ಹೀಗಾಗಿ ತಿರುಗಿ ಬಂದ ಒಬ್ಬಾಕೆ ಮರುದಿನ ನನ್ನೆದುರು ಕೂತು ಅತ್ತಿದ್ದು ನೆನಪಿದೆ. ಅವಳ ತಪ್ಪೇನು? ಸರಿಯಾಗಿ ಹೇಳಿಕೊಡುವವರು ಸಿಕ್ಕಿರಲಿಲ್ಲ.

ಇನ್ನೊಂದು ದೂರು: "ಪ್ರತಿ ತಿಂಗಳೂ ಎರಡು ಮೂರು ದಿನ ಮೊದಲೇ ಆಗ್ತದೆ ಮೇಡಂ, ಈ ತಿಂಗಳಂತೂ ಎರಡು ಸಲ ಆಯ್ತು." ಹೆದರಿ ಸ್ಕ್ಯಾನಿಂಗ್ ಮಾಡಿಸಿಕೊಂಡೇ ಬಂದಿರುತ್ತಾರೆ. ಇದೂ ಎಣಿಕೆಯ ತೊಡಕು. ಜನವರಿ 10ಕ್ಕೆ ಆದವರಿಗೆ 28 ದಿನದ ಲೆಕ್ಕದಲ್ಲಿ ಫೆಬ್ರವರಿ 7, ಮಾರ್ಚ್ 7, ಏಪ್ರಿಲ್ 4, ಮೇ 2, ಮತ್ತೆ ಮೇ 30. ಮೇ ತಿಂಗಳಲ್ಲಿ ಎರಡು ಸಲ ಆಯಿತು, ಆದರೂ ಮೈ ಒಂದು ದಿನವೂ ತಪ್ಪಿಲ್ಲ. ಕ್ಯಾಲೆಂಡರಿನ ತಿಂಗಳಿಗೆ 30, 31 ದಿನ. ಅದು ನಮ್ಮ ಗರ್ಭಕೋಶಕ್ಕೆ ಗೊತ್ತಿಲ್ಲ. 21ರಿಂದ 35 ದಿನದೊಳಗೆ ಯಾವಾಗ ಬಂದರೂ ದೊಡ್ಡವರಿಗೆ ಸಹಜವೇ. ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಮೊದಲ ಎರಡು ಮೂರು ವರ್ಷ ಏರುಪೇರು ಇನ್ನೂ ಹೆಚ್ಚು. ಅಂಥ ಮಗುವಿಗೆ ಮಾತ್ರೆ ಕೊಡಿಸಲು ಅಜ್ಜಿ ಕರೆತಂದಾಗ, ಯಾವ ದಿನದಿಂದ ಶುರುಮಾಡಲಿ ಎಂದು ನಾನೇ ಖಚಿತವಾಗಿ ಹೇಳಲಾರೆ.

ಪ್ರಮಾಣವನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹೆಸರು ಹೇಳಿ ತರುವ ಮಾತ್ರೆಯಲ್ಲ ಇದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆಗಿದ್ದವರು, ಪಿತ್ತಜನಕಾಂಗದ (ಲಿವರ್) ಕಾಯಿಲೆಯವರು, ಸ್ತನ ಕ್ಯಾನ್ಸರಿನ ಚಿಕಿತ್ಸೆಯಾದವರು ತೆಗೆದುಕೊಳ್ಳಬಾರದು. ಕಣ್ಣೆದುರು ಮಿಂಚು ಹೊಳೆದು ಅರೆತಲೆನೋವು ಬರುವವರು, ಹಾಲುಣಿಸುವವರು ಮೊದಲೇ ತಿಳಿಸಬೇಕು. ಇದು ಗರ್ಭನಿರೋಧಕವೂ ಅಲ್ಲ. ನೀರು ಹಾಕಿಕೊಂಡ ದಿನದಿಂದ ಎಣಿಸಿ "ಇನ್ನೂ ಟೈಮಿದೆ" ಎಂದವರಿಗೆ ಮೂತ್ರ ಪರೀಕ್ಷೆ ಮಾಡಿಸಿದಾಗ ಎರಡು ಗೆರೆ ಬಂದು ಗರ್ಭ ನಿಂತದ್ದು ಗೊತ್ತಾದದ್ದುಂಟು.

ಕಾರಣ ತಿಳಿಯದ ರಕ್ತಸ್ರಾವ ಇರುವವರಿಗಂತೂ ನಾನು ಕೊಡುವುದೇ ಇಲ್ಲ. ಸಕಲೇಶಪುರದ ಕಡೆಯ ತೋಟದಲ್ಲಿ ಕೆಲಸ ಮಾಡುವ, ನಲವತ್ತಾರರ ಆಸುಪಾಸಿನ ಹೆಂಗಸೊಬ್ಬರು ಬಂದಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಗೋಡೆಯ ಬಿಳುಪು. ತಿಂಗಳಿಗೆ ಹತ್ತು ದಿನ, ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತಂತೆ, ವರ್ಷದಿಂದ. "ಕೆಟ್ಟ ರಕ್ತ ಅಲ್ವಾ, ಹೋದ್ರೆ ಒಳ್ಳೇದು ಅಂದ್ಕಂಡೆ." ಹಿಮೋಗ್ಲೋಬಿನ್ ಆರೂವರೆ, ಹನ್ನೆರಡಾದರೂ ಇರಬೇಕಿತ್ತು. ನನ್ನ ದನಿ ಏರಿತ್ತು, ಒಪ್ಪಿಕೊಳ್ಳುತ್ತೇನೆ. ಕೈ ಕೊಯ್ದಾಗ ಬರುವುದೂ ಇದೂ ಒಂದೇ ರಕ್ತ. ಏಳು ದಿನ ಮೀರಿದರೆ, ಗಂಟೆಗೊಂದು ಪ್ಯಾಡ್ ನೆನೆದರೆ ಹಬ್ಬಕ್ಕೆ ಕಾಯಬೇಡಿ. ಆಕೆಗೆ ರಕ್ತ ಕೊಡಿಸಿ, ಗರ್ಭಕೋಶದ ಪದರದ ಚೂರು ಪರೀಕ್ಷೆಗೆ ಕಳಿಸಿ, ಫೈಬ್ರಾಯ್ಡ್ ಗಡ್ಡೆಗೆ ಚಿಕಿತ್ಸೆ ಮಾಡಿಸಿದೆವು. ಮರುವರ್ಷ ಪ್ರಸಾದ ತಂದುಕೊಟ್ಟರು.

ಕಳೆದ ಸಲ ಒಬ್ಬ ಸೊಸೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಡುಗೆಮನೆಯ ಕ್ಯಾಲೆಂಡರನ್ನೇ ತಂದಿದ್ದಳು. ಎಣ್ಣೆ ಕಲೆ, ಹಾಲಿನ ಲೆಕ್ಕದ ಗೆರೆ, ಗ್ಯಾಸ್ ಬಂದ ತಾರೀಖು. ನಡುನಡುವೆ ಪೆನ್ಸಿಲಿನ ಸಣ್ಣ ಚುಕ್ಕೆ.

"ಇದು ಮೊದಲ ದಿನಾನಾ, ನೀರು ಹಾಕ್ಕೊಂಡಿದ್ದಾ?"

"ಮೊದಲ್ನೇ ದಿನಾನೇ ಮೇಡಂ. ಹೋದ ವರ್ಷ ನೀವು ಬೈದಿದ್ರಲ್ಲ."

ಇಬ್ಬರೂ ಬೆರಳಿಟ್ಟು ಎಣಿಸಿದೆವು. ಅವರ ಮನೆಯವರು ದರ್ಶನಕ್ಕೆ ಹೊರಡುವ ನಾಲ್ಕು ದಿನ ಮೊದಲೇ ಅವಳದು ಮುಗಿದಿರುತ್ತಿತ್ತು. ಚೀಟಿ ಬರೆಯಲಿಲ್ಲ. ಕ್ಯಾಲೆಂಡರ್ ಸುತ್ತಿಕೊಂಡು ಹೊರಟಳು.