ಗುಳೆ, ಕಾಲುವೆ, ಕ್ಯಾಂಪು: ನಮ್ಮ ಜಿಲ್ಲೆ ಜನಸಂಖ್ಯೆ ಎಣಿಸೋದು ಯಾಕೆ ಕಷ್ಟ

2011ರ ಜನಗಣತಿ ಲೆಕ್ಕದಲ್ಲಿ ರಾಯಚೂರು ಜಿಲ್ಲೆ ಜನ 19.28 ಲಕ್ಷ. ಆ ಎಣಿಕೆ ನಡೆದಿದ್ದು ಫೆಬ್ರವರಿ ತಿಂಗಳಲ್ಲಿ. ಫೆಬ್ರವರಿ ಅಂದ್ರೆ ನಮ್ಮ ಕಡೆ ಎಂಥಾ ಟೈಮು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ, ಜೋಳ ಕಡಲೆ ರಾಶಿ ಮುಗೀತಾ ಬಂದಿರುತ್ತೆ, ಹೊಲದಲ್ಲಿ ಕೆಲಸ ಇರಲ್ಲ, ಲಿಂಗಸುಗೂರು ಮಸ್ಕಿ ದೇವದುರ್ಗ ಕಡೆ ಮಳೆ ನಂಬಿರೋ ಊರುಗಳಲ್ಲಿ ಎಷ್ಟೋ ಮನೆಗೆ ಬೀಗ ಬಿದ್ದಿರುತ್ತೆ. ಗಂಡ ಹೆಂಡತಿ ಬೆಂಗಳೂರಲ್ಲಿ ಯಾವುದೋ ಕಟ್ಟಡದ ಪಕ್ಕ ತಗಡಿನ ಶೆಡ್‌ನಲ್ಲಿ, ಮುದುಕಿ ಮತ್ತು ಇಬ್ಬರು ಮೊಮ್ಮಕ್ಕಳು ಊರಲ್ಲಿ. ಇವರಲ್ಲಿ ಯಾರನ್ನ ಯಾವ ಊರಿನ ಲೆಕ್ಕಕ್ಕೆ ಬರ್ಕೋಬೇಕು? ಮುಂದಿನ ಜನಗಣತಿಗೂ 2027ರ ಮಾರ್ಚ್ 1 ಅಂತ ಆಧಾರ ದಿನ ಗೊತ್ತಾಗಿದೆ, ಅಂದ್ರೆ ಮತ್ತೆ ಅದೇ ಗುಳೆ ಟೈಮು, ಕೂಲಿಗೆ ಕೆಲವು ತಿಂಗಳು ಊರು ಬಿಟ್ಟು ಹೋಗೋ ಟೈಮು.

ಈ ತರದ ಪ್ರಶ್ನೆ ಹಿಡ್ಕೊಂಡು ಕೂತಿರೋ ವಿಜ್ಞಾನಕ್ಕೇ ಮಾನವ ಭೂಗೋಳ ಅಂತಾರೆ. ಭೂಗೋಳ ಅಂದ್ರೆ ಬರೀ ನದಿ ಬೆಟ್ಟ ರಾಜಧಾನಿ ಬಾಯಿಪಾಠ ಮಾಡೋದು ಅಂತ ಶಾಲೆಯಲ್ಲಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಆದ್ರೆ ಯಾವ ಜನ ಯಾವ ಜಾಗದಲ್ಲಿ ಯಾಕೆ ಇದಾರೆ, ಯಾಕೆ ಬಿಟ್ಟು ಹೋಗ್ತಾರೆ, ಹೋದಮೇಲೆ ಆ ಊರು ಏನಾಗುತ್ತೆ ಅನ್ನೋದೂ ಅದೇ ಶಾಸ್ತ್ರದ ಕೆಲಸ.

ಜನಸಂಖ್ಯೆ ಬದಲಾಗೋಕೆ ದಾರಿ ನಾಲ್ಕೇ: ಹುಟ್ಟು, ಸಾವು, ಒಳಗೆ ಬರೋರು, ಹೊರಗೆ ಹೋಗೋರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು 1.7. ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ತಲೆಮಾರು ಅಷ್ಟೇ ಜನ ಬರಬೇಕಂದ್ರೆ 2.1 ಬೇಕು. ಹಾಗಾಗಿ ಇನ್ಮೇಲೆ ಯಾವ ಊರು ಬೆಳೆಯುತ್ತೆ ಯಾವುದು ಖಾಲಿ ಆಗುತ್ತೆ ಅನ್ನೋದನ್ನ ಹೆಚ್ಚು ತೀರ್ಮಾನ ಮಾಡೋದು ಬಸ್‌ಸ್ಟ್ಯಾಂಡು ರೈಲ್ವೆ ಸ್ಟೇಷನ್ನು, ಹೆರಿಗೆ ಆಸ್ಪತ್ರೆ ಅಲ್ಲ. 2001ರಿಂದ 2011ರ ಒಳಗೆ ಇಡೀ ರಾಜ್ಯ ಬೆಳೆದಿದ್ದು ಶೇ. 15.6, ರಾಯಚೂರು ಶೇ. 15.5, ಬಳ್ಳಾರಿ ಶೇ. 21ರ ಹತ್ರ, ಬೆಂಗಳೂರು ನಗರ ಜಿಲ್ಲೆ ಶೇ. 47. ಬಳ್ಳಾರಿಯವರೇನು ಅಷ್ಟು ಜಾಸ್ತಿ ಮಕ್ಕಳು ಹಡೆದ್ರಾ? ಆ ಹತ್ತು ವರ್ಷ ಸಂಡೂರಲ್ಲಿ ಅದಿರು, ತೋರಣಗಲ್ಲಲ್ಲಿ ಉಕ್ಕು, ಊರೊಳಗೆ ಜೀನ್ಸ್ ಹೊಲಿಯೋ ಯೂನಿಟ್ಟುಗಳು, ಕೆಲಸ ಇದ್ದ ಕಡೆ ಜನ ಬಂದ್ರು.

1885ರಲ್ಲಿ ರಾವೆನ್‌ಸ್ಟೈನ್ ಅನ್ನೋ ಭೂಗೋಳಶಾಸ್ತ್ರಜ್ಞ, ಹುಟ್ಟಿದ್ದು ಜರ್ಮನಿ ಕೆಲಸ ಮಾಡಿದ್ದು ಇಂಗ್ಲೆಂಡಲ್ಲಿ, ಬ್ರಿಟನ್ನಿನ ಜನಗಣತಿ ಕೂತು ಓದಿ ವಲಸೆಗೆ ಕೆಲವು ನಿಯಮ ಬರೆದ. ಹೆಚ್ಚಿನ ಜನ ಹತ್ತಿರದ ಜಾಗಕ್ಕೇ ಹೋಗ್ತಾರೆ, ದೂರ ಹೋಗೋರು ದೊಡ್ಡ ವ್ಯಾಪಾರದ ಪಟ್ಟಣಕ್ಕೆ ಹೋಗ್ತಾರೆ, ಹತ್ತಿರದ ವಲಸೆಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು, ಪ್ರತಿ ಹರಿವಿಗೂ ವಾಪಸ್ ಬರೋ ಒಂದು ಹರಿವು ಇದ್ದೇ ಇರುತ್ತೆ. ಹೆಂಗಸರೇ ಹೆಚ್ಚು ಅನ್ನೋ ಮಾತು ಕೇಳಿದ್ರೆ ಆಶ್ಚರ್ಯ ಆಗುತ್ತೆ, ಆದ್ರೆ ಭಾರತದ 2011ರ ಲೆಕ್ಕದಲ್ಲೂ ದೇಶದೊಳಗೆ ಜಾಗ ಬದಲಿಸಿದ 45 ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ಹೆಂಗಸರೇ, ಕಾರಣ ಮದುವೆ. ನಮ್ಮಲ್ಲಂತೂ ಅಕ್ಕನ ಮಗಳು, ಸೋದರತ್ತೆ ಮಗ ಅಂತ ಸಂಬಂಧದೊಳಗೇ ಕೊಟ್ಟು ತಗೊಳ್ಳೋದರಿಂದ ತವರುಮನೆ ಎಷ್ಟೋ ಸಲ ಒಂದು ಬಸ್ಸಿನ ದೂರದಲ್ಲೇ ಇರುತ್ತೆ. ಅಮ್ಮಂದಿರೆಲ್ಲಾ ವಲಸಿಗರೇ ಅಂತ ನಾವು ಯಾವತ್ತೂ ಯೋಚನೆ ಮಾಡಲ್ಲ.

ಈ ನಿಯಮಗಳನ್ನ ನೋಡೋಕೆ ನಮ್ಮ ಎಡೆದೊರೆ ನಾಡಿಗಿಂತ ಒಳ್ಳೆ ಜಾಗ ಸಿಗಲ್ಲ ಅಂತ ನನ್ನ ಅನಿಸಿಕೆ. ಕೃಷ್ಣಾ ತುಂಗಭದ್ರಾ ಎರಡು ನದಿ ನಡುವೆ ಇದ್ದೂ ಬರಗಾಲದ ನಾಡು ಇದು, ಮಳೆ ಕಮ್ಮಿ, ಬಂದ್ರೂ ಬೇಕಾದಾಗ ಬರಲ್ಲ. 1953ರಲ್ಲಿ ತುಂಗಭದ್ರಾ ಡ್ಯಾಮಲ್ಲಿ ನೀರು ನಿಂತಮೇಲೆ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹರೀತು. ಜೋಳ ಹತ್ತಿ ಬೆಳೀತಿದ್ದ ಎರೆ ಹೊಲದವರಿಗೆ ಕಾಲುವೆ ನೀರಲ್ಲಿ ಭತ್ತ ಮಾಡೋ ರೂಢಿ ಇರಲಿಲ್ಲ, ಗೋದಾವರಿ ಕೃಷ್ಣಾ ಕಡೆ ಆಂಧ್ರದ ರೈತರಿಗೆ ಅದು ತಲೆಮಾರಿನ ವಿದ್ಯೆ. ಅವರು ಅಲ್ಲಿನ ಜಮೀನು ಮಾರಿ ಇಲ್ಲಿ ಅಗ್ಗದಲ್ಲಿ ಜಾಸ್ತಿ ಜಮೀನು ಕೊಂಡು, ಹೊಲದ ಹತ್ರನೇ ಮನೆ ಕಟ್ಕೊಂಡ್ರು, ಆ ಊರುಗಳೇ ಕ್ಯಾಂಪು. ಗಂಗಾವತಿ ಹತ್ರ ಶ್ರೀರಾಮನಗರಕ್ಕೆ ಹೋಗಿ ನೋಡಿ, ಅಂಗಡಿ ಬೋರ್ಡು ಕನ್ನಡ, ಮನೆ ಮಾತು ತೆಲುಗು. ಮುಂದೆ 1970ರ ದಶಕದ ಹೊತ್ತಿಗೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳನ್ನ ಸರ್ಕಾರ ಸಿಂಧನೂರು ತಾಲ್ಲೂಕಿನ ಆರ್‌ಎಚ್ (ಅಂದ್ರೆ ಪುನರ್ವಸತಿ) ಕ್ಯಾಂಪುಗಳಲ್ಲಿ ಕೂರಿಸ್ತು, ದಸರಾ ಟೈಮಿಗೆ ನಮ್ಮಲ್ಲಿ ಬನ್ನಿ ಕೊಡೋದು ನಡೀತಿದ್ರೆ ಅಲ್ಲಿ ದುರ್ಗಾ ಪೂಜೆ ಪೆಂಡಾಲು ಎದ್ದಿರುತ್ತೆ.

ಒಂದೇ ನಾಡು, ಕಾಲುವೆ ಇರೋ ಕಡೆ ನೂರಾರು ಮೈಲಿಯಿಂದ ಜನ ಬಂದು ನೆಲೆ ನಿಂತ್ರು, ಕಾಲುವೆ ಇಲ್ಲದ ಕಡೆಯಿಂದ ಜನ ಬೆಂಗಳೂರು ಪುಣೆ ಗೋವಾ ಅಂತ ಹೊರಟ್ರು. ಗುಳೆ ಹೋಗೋರನ್ನ ಸೋಮಾರಿಗಳು, ಊರಲ್ಲಿ ದುಡಿಯೋಕಾಗಲ್ವಾ ಅನ್ನೋರು ಇದಾರೆ, ನನಗೆ ಆ ಮಾತು ಕೇಳಿದ್ರೆ ಸಿಟ್ಟು ಬರುತ್ತೆ. ಸಂಜೆ ಲಿಂಗಸುಗೂರು ಬಸ್‌ಸ್ಟ್ಯಾಂಡಲ್ಲಿ ಒಂದು ಗಂಟೆ ನಿಂತ್ಕೊಂಡು ನೋಡಲಿ. ಕೌದಿ ಸುತ್ತಿದ ಗಂಟು, ಜೋಳದ ಹಿಟ್ಟಿನ ಚೀಲ, ಖಟಿ ರೊಟ್ಟಿ ಕಟ್ಟಿದ ಬಟ್ಟೆ, ಶೇಂಗಾ ಹಿಂಡಿ ಡಬ್ಬಿ, ಒಂದು ಹಂಚು. ಒಂದು ವಾರದ ಊಟ ಕಟ್ಕೊಂಡು ಹೋಗೋರು ಸೋಮಾರಿಗಳಲ್ಲ. "ಎಲ್ಲಿಗ್ ಹೊಂಟೀರಬೇ ಯಕ್ಕಾ" ಅಂತ ಕೇಳಿದ್ರೆ "ನಮ್ ಮೈದುನ ಅದಾನಲ್ರಿ, ಅಲ್ಲಿಗೇ" ಅಂತಾರೆ, ಊರಿನ ಹೆಸರಿಗಿಂತ ಮೊದಲು ಮನುಷ್ಯನ ಹೆಸರು ಬರುತ್ತೆ. ಮೊದಲು ಹೋದ ಒಬ್ಬ ಗೌಂಡಿ ತನ್ನ ಓಣಿಯವರನ್ನ ಕರೀತಾನೆ, ಮೇಸ್ತ್ರಿ ಮುಂಗಡ ಕೊಡ್ತಾನೆ, ಹಾಗೆ ಒಂದೊಂದು ಹಳ್ಳಿಗೆ ಬೆಂಗಳೂರಲ್ಲಿ ಒಂದೊಂದು ಏರಿಯಾ ಗಟ್ಟಿಯಾಗುತ್ತೆ. ಭೂಗೋಳದವರು ಇದನ್ನ ಸರಪಳಿ ವಲಸೆ ಅಂತಾರೆ.

ವಾಪಸ್ ಹರಿವು ನೋಡಬೇಕಂದ್ರೆ ಮೊಹರಂ ಹೊತ್ತಿಗೆ ಮುದಗಲ್ಲಿಗೆ ಬರಬೇಕು. ಅಲಾಯಿ ದೇವರು ಕೂರೋ ದಿನಕ್ಕೆ ಹಿಂದೂ ಮುಸ್ಲಿಂ ಅನ್ನದೆ ಗುಳೆ ಹೋದವರೆಲ್ಲಾ ಊರು ಸೇರ್ತಾರೆ, ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ. ಸಂಬಂಧ ಮಾತಾಡೋದು, ಸಾಲದ ಲೆಕ್ಕ, ಮನೆ ಪಾಲು, ಎಲ್ಲಾ ಆ ನಾಲ್ಕು ದಿನದಲ್ಲೇ ಮುಗಿಸ್ಕೊಂಡು ಹೋಗ್ತಾರೆ. ಸಮುದಾಯ ಅಂದ್ರೆ ಒಂದೇ ಜಾಗದಲ್ಲಿ ವರ್ಷವಿಡೀ ಇರೋ ಜನ ಅಂತ ಲೆಕ್ಕ ಹಾಕಿದ್ರೆ ಈ ಊರುಗಳು ಅರ್ಥ ಆಗಲ್ಲ.

ಸರ್ಕಾರದ ಲೆಕ್ಕ ಇಲ್ಲೇ ಎಡವೋದು. ಜನಗಣತಿ ಹಿಂದಿನ ವಾಸಸ್ಥಳ ಯಾವುದು, ಬಂದು ಎಷ್ಟು ದಿನ ಆಯ್ತು, ಕಾರಣ ಏನು ಅಂತ ಕೇಳುತ್ತೆ, ನಾಲ್ಕು ತಿಂಗಳಿಗೆ ಹೋಗಿ ಬರೋನು ತನ್ನ ವಾಸ ಊರಲ್ಲೇ ಅಂತ ಹೇಳ್ತಾನೆ, ಅದು ಸುಳ್ಳೂ ಅಲ್ಲ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದು ತಿಂಗಳಿಂದ ಆರು ತಿಂಗಳೊಳಗೆ ಕೆಲಸಕ್ಕೆ ಹೋಗಿದ್ದೋರನ್ನ ಬೇರೆ ಮಾಡಿ ಕೇಳಿದ್ರು, ಆದ್ರೆ ಸಮೀಕ್ಷೆ ದೇಶಕ್ಕೆ ರಾಜ್ಯಕ್ಕೆ ಲೆಕ್ಕ ಕೊಡುತ್ತೆ, ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಡಲ್ಲ. ಅಂಗನವಾಡಿಗೆ, ಶಾಲೆಗೆ, ನೀರಿನ ಟ್ಯಾಂಕಿಗೆ ಲೆಕ್ಕ ಬೇಕಾಗೋದು ಹಳ್ಳಿ ಮಟ್ಟದಲ್ಲೇ. ಮಸ್ಕಿ ಕಡೆ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಧರಣಿ ಕೂತಿದ್ದನ್ನ ನಾನು ನೀರಿನ ಹೋರಾಟ ಅಷ್ಟೇ ಅಂತ ನೋಡಲ್ಲ, ಊರು ಬಿಟ್ಟು ಹೋಗದೆ ಇರೋ ಹಕ್ಕು ಕೇಳಿದ ಹೋರಾಟ ಅದು.

ರಾವೆನ್‌ಸ್ಟೈನ್ ಇನ್ನೊಂದು ಹೇಳಿದ್ದ: ಒಬ್ಬರು ಪಟ್ಟಣಕ್ಕೆ ಹೋಗಿ ಖಾಲಿಯಾದ ಜಾಗ ಇನ್ನೂ ದೂರದಿಂದ ಬಂದವರು ತುಂಬ್ತಾರೆ. ಕ್ಯಾಂಪಿನ ಮೊಮ್ಮಕ್ಕಳು ಈಗ ಇಂಜಿನಿಯರಿಂಗ್ ಓದಿ ಬೆಂಗಳೂರು ಹೈದರಾಬಾದಿಗೆ ಹೋಗ್ತಿದಾರೆ, ಕಾರಟಗಿ ಗಂಗಾವತಿ ರೈಸ್ ಮಿಲ್ಲುಗಳಲ್ಲಿ ಮೂಟೆ ಹೊರೋಕೆ ಬಿಹಾರದ ಹುಡುಗರು ಬಂದಿದಾರೆ. ಅವರೂ ಹಬ್ಬಕ್ಕೆ ಊರಿಗೆ ಹೋಗಿ ಬರ್ತಾರೆ, ಛಠ್ ಪೂಜೆ ಟೈಮಲ್ಲಿ ಮಿಲ್ ಮಾಲೀಕರಿಗೆ ಹಮಾಲರು ಸಿಗಲ್ಲ.